ಬೆಂಗಳೂರಿನಲ್ಲಿ ಮಾದರಿ ರೈಲಿನ ಸಣ್ಣ ಅಂಗಡಿ: ಆರಂಭಿಸುವವರಿಗೊಂದು ಸಮಗ್ರ ಮಾರ್ಗದರ್ಶಿ

ಮಾದರಿ ರೈಲಿನ ಅಂಗಡಿ ಇಡಬೇಕೆಂಬ ಆಸೆ ಹುಟ್ಟುವುದು ಎಂಜಿನ್‌ಗಳ ಮೇಲಿನ ಮೋಹದಿಂದ. ಅಂಗಡಿಯ ಬಾಡಿಗೆ ಹುಟ್ಟುವುದು ಮಾತ್ರ ಹಳಿ, ಕೊಂಡಿ, ಅಂಟು, ಬಣ್ಣ ಮತ್ತು ರಿಪೇರಿಯಿಂದ. ಒಂದು ಎಂಜಿನ್ ಕೊಂಡವರು ಇನ್ನೊಂದನ್ನು ಕೊಳ್ಳಲು ತಿಂಗಳುಗಟ್ಟಲೆ ಯೋಚಿಸುತ್ತಾರೆ. ಆದರೆ ಆ ಒಂದು ಎಂಜಿನ್ ಮನೆಯಲ್ಲಿ ಚೆನ್ನಾಗಿ ಓಡುತ್ತಿದ್ದರೆ ಅದೇ ವ್ಯಕ್ತಿ ಎರಡು ವಾರಕ್ಕೊಮ್ಮೆ ಏನಾದರೂ ಚಿಕ್ಕದನ್ನು ಹುಡುಕಿಕೊಂಡು ಬರುತ್ತಾರೆ. ಗಿರಾಕಿಯ ಮನೆಯ ರೈಲು ನಿಂತರೆ ನಿಮ್ಮ ವ್ಯಾಪಾರವೂ ನಿಲ್ಲುತ್ತದೆ. ಮುಂದೆ ಹೇಳುವ ಪ್ರತಿಯೊಂದು ಹೆಜ್ಜೆಯೂ ಈ ಮಾತಿನ ಮೇಲೆಯೇ ನಿಂತಿದೆ.

ಹಳೆಯ ಹೆಸರೊಂದೇ ಅಂಗಡಿಯನ್ನು ಕಾಪಾಡುವುದಿಲ್ಲ. 1859ರಲ್ಲಿ ಹುಟ್ಟಿದ ಜರ್ಮನಿಯ ಮಾರ್ಕ್ಲಿನ್ ಕಂಪನಿ 2009ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು, ಆಮೇಲೆ ಚೇತರಿಸಿಕೊಂಡಿತು. ಇಂಗ್ಲೆಂಡಿನಲ್ಲಿ 1946ರಿಂದ ನಡೆದುಕೊಂಡು ಬಂದಿದ್ದ ಹ್ಯಾಟನ್ಸ್ ಎಂಬ ದೊಡ್ಡ ಮಾದರಿ ರೈಲು ಮಳಿಗೆ 2024ರಲ್ಲಿ ಬಾಗಿಲು ಹಾಕಿತು. ಈ ಹವ್ಯಾಸ ಬೇರೂರಿರುವ ದೇಶಗಳಲ್ಲೇ ಹೀಗಿರುವಾಗ ಇಲ್ಲಿ ತೆರೆಯುವವರು ಮೊದಲು ಲೆಕ್ಕ ಹಾಕಬೇಕು, ಬೋರ್ಡು ಬರೆಸುವುದು ಆಮೇಲೆ.

1. ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ

ಊಹೆಗೆ ಒಂದು ಲೆಕ್ಕ ಹಿಡಿಯೋಣ. ತಿಂಗಳಿಗೆ ಬಾಡಿಗೆ 25,000 ರೂಪಾಯಿ, ಸಹಾಯಕರ ಸಂಬಳ 20,000, ವಿದ್ಯುತ್, ಇಂಟರ್ನೆಟ್, ವಿಮೆ ಇತ್ಯಾದಿಗೆ 5,000. ಒಟ್ಟು 50,000. ಮಾರಾಟ ಬೆಲೆಯಲ್ಲಿ ನಿಮಗೆ ಉಳಿಯುವುದು ಶೇ 25 ಎಂದಾದರೆ ಈ ಖರ್ಚನ್ನು ಸರಿದೂಗಿಸುವುದಕ್ಕೇ ತಿಂಗಳಿಗೆ 2 ಲಕ್ಷ ರೂಪಾಯಿ ವ್ಯಾಪಾರ ಆಗಬೇಕು. ಎಂಜಿನ್, ಬೋಗಿ, ಹಳಿ ಒಟ್ಟಿಗೆ ಬರುವ 20,000 ರೂಪಾಯಿಯ ಸೆಟ್‌ಗಳನ್ನಷ್ಟೇ ಮಾರುವುದಾದರೆ ತಿಂಗಳಿಗೆ ಹತ್ತು ಸೆಟ್. ಅಷ್ಟಾದರೂ ನಿಮ್ಮ ಕೈಗೆ ಬಂದದ್ದು ಸೊನ್ನೆ.

ಅದೇ ಅಂಗಡಿಯಲ್ಲಿ ರಿಪೇರಿ ಮತ್ತು ಡಿಕೋಡರ್ (ಎಂಜಿನ್ನಿನೊಳಗೆ ಕೂತು ಡಿಜಿಟಲ್ ಆದೇಶ ಪಾಲಿಸುವ ಚಿಕ್ಕ ಎಲೆಕ್ಟ್ರಾನಿಕ್ ಬಿಲ್ಲೆ) ಜೋಡಣೆಯ ಕೂಲಿಯಿಂದ ತಿಂಗಳಿಗೆ 15,000 ರೂಪಾಯಿ ಬಂದರೆ ಬೇಕಾದ ವ್ಯಾಪಾರ 1 ಲಕ್ಷ 40 ಸಾವಿರಕ್ಕೆ ಇಳಿಯುತ್ತದೆ. ಕೂಲಿಯ ಹಣದಲ್ಲಿ ಸರಕಿನ ಖರೀದಿ ವೆಚ್ಚವೇ ಇಲ್ಲದಿರುವುದು ಇದಕ್ಕೆ ಕಾರಣ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲೇ ಸಣ್ಣ ಅಂಗಡಿಯ ಉಳಿವು ಅಡಗಿದೆ. ನಿಮ್ಮ ಬಡಾವಣೆಯ ಬಾಡಿಗೆ, ನಿಮಗೆ ಸಿಗುವ ಸರಬರಾಜು ದರ ಹಾಕಿ ಇದೇ ಲೆಕ್ಕವನ್ನು ಮತ್ತೆ ಮಾಡಿ.

ಅಂಗಡಿ ಹಿಡಿಯುವ ಮೊದಲು ಆರೇಳು ತಿಂಗಳು ಮನೆಯಿಂದಲೇ ವ್ಯಾಪಾರ ಮಾಡಿ ನೋಡುವುದು ಒಳ್ಳೆಯದು. ಮಡಚಿ ಕಾರಿನಲ್ಲಿ ಒಯ್ಯಬಹುದಾದ ಚಿಕ್ಕ ಲೇಔಟ್ (ಹಲಗೆಯ ಮೇಲೆ ಹಳಿ, ದೃಶ್ಯ ಜೋಡಿಸಿದ ರೈಲುದಾರಿ) ಒಂದನ್ನು ಕಟ್ಟಿ, ಅಪಾರ್ಟ್‌ಮೆಂಟ್‌ಗಳ ಕ್ಲಬ್‌ಹೌಸ್, ಶಾಲಾ ವಸ್ತುಪ್ರದರ್ಶನ, ಹವ್ಯಾಸಿಗಳ ಕೂಟಗಳಲ್ಲಿ ಓಡಿಸಿ. ಎಷ್ಟು ಜನ ನಿಂತು ನೋಡಿದರು ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಓಡುವ ರೈಲಿನ ಮುಂದೆ ಯಾರಾದರೂ ನಿಲ್ಲುತ್ತಾರೆ. ಬೆಲೆ ಕೇಳಿದ ಮೇಲೂ ಎರಡನೆಯ ಪ್ರಶ್ನೆ ಕೇಳಿದವರು ಯಾರು, ಅವರ ಮನೆಯಲ್ಲಿ ಎಷ್ಟು ಜಾಗವಿದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಪುಣೆಯ ಕೊತ್ರೂಡ್‌ನಲ್ಲಿ 1998ರಿಂದ ತೆರೆದಿರುವ ಜೋಶಿ ಕಿರು ರೈಲು ಸಂಗ್ರಹಾಲಯವನ್ನೂ ಒಮ್ಮೆ ನೋಡಿ ಬನ್ನಿ. ಮಕ್ಕಳು ಯಾವ ಹಂತದಲ್ಲಿ ಉಸಿರು ಬಿಗಿಹಿಡಿದು ನೋಡುತ್ತಾರೆ, ಹಿರಿಯರು ಯಾವುದರ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರೆ ಎಂಬುದನ್ನು ಅಲ್ಲಿ ಗಮನಿಸಬಹುದು.

2. ಯಾವ ಅಳತೆಯ ರೈಲು?

ಎಲ್ಲ ಅಳತೆಗಳನ್ನೂ ಇಡಲು ಹೊರಟರೆ ಬಂಡವಾಳ ಹರಿದು ಹಂಚಿಹೋಗುತ್ತದೆ. ಎರಡನ್ನು ಆರಿಸಿಕೊಳ್ಳಿ, ಒಂದನ್ನು ಮುಖ್ಯವಾಗಿಡಿ.

ಎಚ್‌ಒ ಅಳತೆ 1:87, ಅಂದರೆ ನಿಜವಾದ ರೈಲಿನ 87ನೇ ಒಂದು ಭಾಗ. ಹಳಿಯ ಅಗಲ, ಅಂದರೆ ಎರಡು ಕಂಬಿಗಳ ನಡುವಿನ ಅಂತರ, 16.5 ಮಿಲಿಮೀಟರ್. ಎನ್ ಅಳತೆ 1:160, ಹಳಿಯ ಅಗಲ 9 ಮಿಲಿಮೀಟರ್. ಬ್ರಿಟನ್ನಿನ ಒಒ ಅಳತೆ 1:76, ಆದರೆ ಅದೂ 16.5 ಮಿಲಿಮೀಟರ್ ಹಳಿಯ ಮೇಲೇ ಓಡುತ್ತದೆ. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ 19.3 ಮಿಲಿಮೀಟರ್ ಬರುತ್ತದೆ. ಅಂದರೆ ಭಾರತೀಯ ರೈಲಿನ ಎಚ್‌ಒ ಮಾದರಿ 16.5 ಮಿಲಿಮೀಟರ್ ಹಳಿಯ ಮೇಲೆ ಓಡುವಾಗ ಹಳಿ ಇರಬೇಕಾದ್ದಕ್ಕಿಂತ ಕಿರಿದಾಗಿ ಕಾಣುತ್ತದೆ. ನಿವೃತ್ತ ರೈಲ್ವೆ ನೌಕರರು ಬಂದರೆ ಮೊದಲ ನೋಟಕ್ಕೇ ಇದನ್ನು ಹಿಡಿಯುತ್ತಾರೆ. ಕಾರಣವನ್ನು ವಿವರಿಸಿ ಹೇಳಿದರೆ ಅವರಿಗೆ ಅಂಗಡಿಯ ಮೇಲೆ ಗೌರವ ಹೆಚ್ಚುತ್ತದೆ.

ಜಾಗದ ಲೆಕ್ಕವೇ ನಿರ್ಧಾರಕ. ನಮ್ಮ ಈಗಿನ ಪ್ರಯಾಣಿಕ ರೈಲುಗಳ ಎಲ್‌ಎಚ್‌ಬಿ ಮಾದರಿಯ ಬೋಗಿ ಸುಮಾರು 23.5 ಮೀಟರ್ ಉದ್ದ. ಎಚ್‌ಒದಲ್ಲಿ ಅದು 27 ಸೆಂಟಿಮೀಟರ್, ಎನ್‌ನಲ್ಲಿ 15 ಸೆಂಟಿಮೀಟರ್‌ಗೂ ಸ್ವಲ್ಪ ಕಡಿಮೆ. ಒಂದು ಎಂಜಿನ್ ಮತ್ತು ಮೂರು ಬೋಗಿಗಳ ರೈಲು ಎಚ್‌ಒದಲ್ಲಿ ಒಂದು ಮೀಟರ್ ದಾಟುತ್ತದೆ. ತಿರುವಿನ ಕಷ್ಟ ಇನ್ನೂ ಹೆಚ್ಚು. 438 ಮಿಲಿಮೀಟರ್ ತ್ರಿಜ್ಯದ ಹಳಿಯಲ್ಲಿ ಇಷ್ಟು ಉದ್ದದ ಬೋಗಿ ತಿರುಗಿದರೂ ಮಧ್ಯಭಾಗ ಒಳಕ್ಕೆ, ತುದಿಗಳು ಹೊರಕ್ಕೆ ಚಾಚಿಕೊಂಡು ನೋಟ ಕೆಡುತ್ತದೆ. 505 ಮಿಲಿಮೀಟರ್ ತ್ರಿಜ್ಯಕ್ಕೆ ಹೋದರೆ ಹಳಿಯ ವೃತ್ತವೇ ಒಂದು ಮೀಟರ್ ಅಗಲ, ಅದನ್ನು ಎಂಟು ಅಡಿ ಉದ್ದ ನಾಲ್ಕು ಅಡಿ ಅಗಲದ ಇಡೀ ಪ್ಲೈವುಡ್ ಹಾಳೆಯ ಮೇಲೆ ಹಾಕಬೇಕು. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಆ ಹಾಳೆಯನ್ನು ಎಲ್ಲಿಡುವುದು? ಎನ್ ಅಳತೆಯಲ್ಲಿ 315 ಮಿಲಿಮೀಟರ್ ತ್ರಿಜ್ಯದ ವೃತ್ತ ಓದುವ ಮೇಜಿನ ಮೇಲೆ ಬಹುಮಟ್ಟಿಗೆ ಕೂಡುತ್ತದೆ.

ಹಾಗಾಗಿ ಬೆಂಗಳೂರಿನ ಮನೆಗಳಿಗೆ ಎನ್ ಅಳತೆಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಭಾರತೀಯ ಎಂಜಿನ್ ಬೇಕೆನ್ನುವವರಿಗೆ ಎಚ್‌ಒ ಬಿಟ್ಟರೆ ಹೆಚ್ಚು ದಾರಿಯಿಲ್ಲ. ಆದ್ದರಿಂದ ಎನ್ ಅಳತೆಯಲ್ಲಿ ಆರಂಭಿಕ ಸೆಟ್‌ಗಳು ಮತ್ತು ಹಳಿ, ಎಚ್‌ಒದಲ್ಲಿ ಭಾರತೀಯ ಮಾದರಿಗಳು ಮತ್ತು ಬಿಡಿಭಾಗಗಳು ಎಂದು ಹಂಚಿಕೊಳ್ಳಿ.

3. ಆಮದು: ಅತಿ ದೊಡ್ಡ ಅಡ್ಡಗೋಡೆ

ಕಸ್ಟಮ್ಸ್ ಪಟ್ಟಿಯ 9503ನೇ ಶೀರ್ಷಿಕೆಯಲ್ಲಿ ಗೊಂಬೆ, ಮೂರು ಚಕ್ರದ ಸೈಕಲ್‌ಗಳ ಜೊತೆಗೆ ಅಳತೆಗೆ ತಕ್ಕಂತೆ ಕಿರಿದಾಗಿಸಿದ ಮಾದರಿಗಳೂ ಸೇರಿವೆ, ಅವು ಓಡುವಂಥವಾಗಲಿ, ಸುಮ್ಮನೆ ನಿಲ್ಲುವಂಥವಾಗಲಿ. 2020ರ ಬಜೆಟ್ಟಿನಲ್ಲಿ ಆಟಿಕೆಗಳ ಮೂಲ ಸುಂಕ ಶೇ 20ರಿಂದ ಶೇ 60ಕ್ಕೆ ಏರಿತು. 2023ರಲ್ಲಿ ಶೇ 70 ಆಯಿತು. ಅರವತ್ತು ವಯಸ್ಸಿನ ಸಂಗ್ರಾಹಕರು ಗಾಜಿನ ಕಪಾಟಿನಲ್ಲಿಡುವ ಎಂಜಿನ್‌ಗೂ ಮಗುವಿನ ಆಟಿಕೆಗೂ ಸುಂಕದ ಕಣ್ಣಿನಲ್ಲಿ ವ್ಯತ್ಯಾಸವಿಲ್ಲ.

ಲೆಕ್ಕ ಹೀಗಾಗುತ್ತದೆ. ವಿಮೆ, ಸಾಗಣೆ ಸೇರಿ ಭಾರತದ ಬಾಗಿಲಿಗೆ 10,000 ರೂಪಾಯಿಗೆ ಬಂದ ಎಂಜಿನ್‌ಗೆ 7,000 ರೂಪಾಯಿ ಸುಂಕ. ಆ 17,000ದ ಮೇಲೆ ಆಮದಿಗೆ ಬೀಳುವ ಜಿಎಸ್‌ಟಿಯಾದ ಐಜಿಎಸ್‌ಟಿ ಶೇ 18 ಎಂದು ಹಿಡಿದರೆ 3,060. ಅಂಗಡಿಗೆ ತಲುಪುವ ಮುನ್ನ ನೀವು ಕಟ್ಟಿದ್ದು 20,060 ರೂಪಾಯಿ, ಜೊತೆಗೆ ಕ್ಲಿಯರಿಂಗ್ ಖರ್ಚು. ಐಜಿಎಸ್‌ಟಿ ಮೊತ್ತ ಮುಂದೆ ಮಾರಾಟದ ತೆರಿಗೆಯಲ್ಲಿ ವಜಾ ಆಗುತ್ತದೆ, ಆದರೆ ಸರಕು ಮಾರಾಟವಾಗುವವರೆಗೆ ಆ ಹಣ ಸಿಕ್ಕಿಬಿದ್ದಿರುತ್ತದೆ. 17,000ಕ್ಕೆ ಮಾರಾಟ ಬೆಲೆಯ ಶೇ 25 ಉಳಿಯುವಷ್ಟು ಸೇರಿಸಿ, ಮಾರಾಟ ತೆರಿಗೆ ಹಾಕಿದರೆ ಬೆಲೆಚೀಟಿಯ ಮೇಲೆ ಸುಮಾರು 26,750 ರೂಪಾಯಿ ಬರೆಯಬೇಕಾಗುತ್ತದೆ. ಸುಂಕ ಮತ್ತು ತೆರಿಗೆಯ ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವುದರಿಂದ ಪ್ರತಿ ಆರ್ಡರಿಗೂ ಮುನ್ನ ಲೆಕ್ಕಪರಿಶೋಧಕರಲ್ಲಿ ವಿಚಾರಿಸಿ.

ಇದಕ್ಕಿಂತ ಗಂಭೀರವಾದದ್ದು ಗುಣಮಟ್ಟದ ನಿಯಮ. 2021ರ ಜನವರಿ 1ರಿಂದ ಆಟಿಕೆಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಪ್ರಮಾಣಪತ್ರ ಕಡ್ಡಾಯ. ವಿದೇಶಿ ತಯಾರಕರೂ ಬಿಐಎಸ್ ಪರವಾನಗಿ ಪಡೆದಿರಬೇಕು. ಈ ಆದೇಶದಲ್ಲಿ ಆಟಿಕೆಯೆಂದರೆ 14 ವರ್ಷದೊಳಗಿನ ಮಕ್ಕಳು ಆಡಲೆಂದು ತಯಾರಿಸಿದ ವಸ್ತು. ಹೀಗಾಗಿ ಹೊಸಬರಿಗೆ ಎದುರಾಗುವ ವಿಚಿತ್ರ ಪರಿಸ್ಥಿತಿ ಏನೆಂದರೆ, ಪೆಟ್ಟಿಗೆಯ ಮೇಲೆ 15 ವರ್ಷ ಮೇಲ್ಪಟ್ಟವರಿಗೆ ಎಂದು ನಮೂದಿಸಿದ ದುಬಾರಿ ಮಾದರಿಗಿಂತ, ಮಕ್ಕಳಿಗೆಂದೇ ಮಾಡಿದ ಅಗ್ಗದ ಆರಂಭಿಕ ಸೆಟ್ ತರುವುದು ಕಷ್ಟ. ಮಾಡಬೇಕಾದ್ದು ಇಷ್ಟು:

- ಮೊದಲ ಆರ್ಡರಿಗೂ ಮುನ್ನ ಪರವಾನಗಿ ಪಡೆದ ಕಸ್ಟಮ್ಸ್ ಬ್ರೋಕರ್ ಒಬ್ಬರಿಂದ ಲಿಖಿತ ಅಭಿಪ್ರಾಯ ಪಡೆಯಿರಿ.
- ತಯಾರಕರಿಂದ ವಯೋಮಿತಿಯ ಘೋಷಣಾಪತ್ರ ತರಿಸಿಕೊಳ್ಳಿ.
- ದೊಡ್ಡ ಮೊತ್ತ ಹೂಡುವುದಾದರೆ ದೆಹಲಿ ಅಥವಾ ಮುಂಬೈಯ ಕಸ್ಟಮ್ಸ್ ಮುಂಗಡ ನಿರ್ಣಯ ಪ್ರಾಧಿಕಾರಕ್ಕೆ ಅರ್ಜಿ ಹಾಕಿ. ಕಾಯಬೇಕಾಗುತ್ತದೆ, ಆದರೆ ವಿಮಾನ ನಿಲ್ದಾಣದ ಗೋದಾಮಿನಲ್ಲಿ ಸರಕು ಕೊಳೆಯುವುದಕ್ಕಿಂತ ಅದು ಮೇಲು.
- ಚಿಕ್ಕ ಮಕ್ಕಳಿಗೆ ದೇಶದಲ್ಲೇ ತಯಾರಾದ, ಬಿಐಎಸ್ ಗುರುತಿರುವ ಬ್ಯಾಟರಿ ರೈಲುಗಳನ್ನೇ ಇಡಿ. ವಂದೇ ಭಾರತ್ ಕೊಡಿ ಎಂದು ಕೇಳಿಕೊಂಡು ಬರುವ ಆರು ವರ್ಷದ ಮಗುವನ್ನು ಬರಿಗೈಯಲ್ಲಿ ಕಳುಹಿಸಬಾರದು.

ಆಮದುದಾರರ ಸಂಕೇತ ಸಂಖ್ಯೆಯಾದ ಐಇಸಿಯನ್ನು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದಿಂದ ಆನ್‌ಲೈನಿನಲ್ಲೇ ಪಡೆಯಬಹುದು, ಶುಲ್ಕ 500 ರೂಪಾಯಿ. ಆಮದು ಪೆಟ್ಟಿಗೆಗಳ ಮೇಲೆ ಆಮದುದಾರರ ಹೆಸರು, ವಿಳಾಸ, ತಯಾರಾದ ದೇಶ, ಗರಿಷ್ಠ ಮಾರಾಟ ಬೆಲೆಯ ಚೀಟಿ ಅಂಟಿಸುವುದು ಕಾನೂನು ಮಾಪನ ನಿಯಮದ ಪ್ರಕಾರ ಕಡ್ಡಾಯ. ಸಂಗ್ರಾಹಕರು ಪೆಟ್ಟಿಗೆಯನ್ನೂ ಜೋಪಾನ ಮಾಡುತ್ತಾರೆ, ಆದ್ದರಿಂದ ಕಲೆ ಉಳಿಸದೆ ಕಿತ್ತುಬರುವ ಅಂಟಿನ ಚೀಟಿಗಳನ್ನೇ ಮಾಡಿಸಿ.

ಸಾಗಣೆಯಲ್ಲಿ ತೂಕಕ್ಕಿಂತ ಗಾತ್ರ ಮುಖ್ಯ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ಕೊರಿಯರ್ ಕಂಪನಿಗಳ ರೂಢಿ. 60, 40, 10 ಸೆಂಟಿಮೀಟರ್ ಅಳತೆಯ ಸೆಟ್ ಪೆಟ್ಟಿಗೆ ನಿಜವಾಗಿ ಎರಡು ಕಿಲೋ ತೂಗಿದರೂ 4.8 ಕಿಲೋಗೆ ಹಣ ಕಟ್ಟುತ್ತೀರಿ. ಚಿಕ್ಕ ಪೆಟ್ಟಿಗೆಯಲ್ಲಿ ಬರುವ ಎಂಜಿನ್, ಡಿಕೋಡರ್‌ಗಳು ವಿಮಾನದಲ್ಲಿ ಬರಲಿ, ಹಳಿಯ ಕಟ್ಟುಗಳು ಹಡಗಿನಲ್ಲಿ ಬರಲಿ.

4. ಜಾಗ ಮತ್ತು ಕಾಗದಪತ್ರ

ಹಾದಿಯಲ್ಲಿ ಹೋಗುವವರು ಕಂಡು ಒಳಬರುವ ವ್ಯಾಪಾರ ಇದಲ್ಲ. ಹುಡುಕಿಕೊಂಡು ಬರುವವರೇ ಹೆಚ್ಚು. ಹಾಗಾಗಿ ಮುಖ್ಯರಸ್ತೆಯ ನೆಲಮಹಡಿಗೆ ದುಪ್ಪಟ್ಟು ಬಾಡಿಗೆ ಕೊಡಬೇಕಿಲ್ಲ. ಮಲ್ಲೇಶ್ವರ, ಬಸವನಗುಡಿ, ಜಯನಗರದ ಅಡ್ಡರಸ್ತೆಯ ಮೊದಲ ಮಹಡಿ ಸಾಕು, ಮೆಟ್ರೊ ನಿಲ್ದಾಣ ಹತ್ತಿರವಿರಲಿ. ನೆಲಮಾಳಿಗೆಯನ್ನು ಮಾತ್ರ ಎಷ್ಟು ಅಗ್ಗವಾದರೂ ಹಿಡಿಯಬೇಡಿ. ಒಂದು ಜೋರು ಮಳೆಗೆ ಇಡೀ ದಾಸ್ತಾನು ಹೋಗುತ್ತದೆ.

ಪಾಲಿಕೆಯ ಉದ್ದಿಮೆ ಪರವಾನಗಿ ಮತ್ತು 1961ರ ಅಂಗಡಿ ಹಾಗೂ ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಬೇಕು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು. ಕಪ್ಪು ಅಕ್ಷರದ ಹಳದಿ ನಿಲ್ದಾಣ ಫಲಕದಂತೆ ಬರೆಸಿದರೆ ನೋಡಿದವರಿಗೆ ಇದು ಯಾವ ಅಂಗಡಿಯೆಂದು ಹೇಳಬೇಕಾಗಿಯೇ ಇಲ್ಲ. ಹೊರರಾಜ್ಯಕ್ಕೆ ಸರಕು ಕಳುಹಿಸುವುದರಿಂದ ವಹಿವಾಟು ಚಿಕ್ಕದಿದ್ದರೂ ಜಿಎಸ್‌ಟಿ ನೋಂದಣಿ ಬೇಕು. ಚಿಕ್ಕ ವ್ಯಾಪಾರಿಗಳು ಒಟ್ಟು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ರಾಜಿ ತೆರಿಗೆ ಯೋಜನೆ ಈ ವ್ಯಾಪಾರಕ್ಕೆ ಹೊಂದುವುದಿಲ್ಲ, ಏಕೆಂದರೆ ಆಮದಿನಲ್ಲಿ ಕಟ್ಟಿದ ತೆರಿಗೆಯನ್ನು ಅದರಡಿ ವಜಾ ಮಾಡಿಕೊಳ್ಳಲಾಗದು.

5. ಅಂಗಡಿಯೊಳಗೆ ಓಡುವ ಲೇಔಟ್

ಇದಿಲ್ಲದೆ ಬಾಗಿಲು ತೆರೆಯಬೇಡಿ. ಆರು ಅಡಿ ಉದ್ದ, ಎರಡೂವರೆ ಅಡಿ ಅಗಲದ ಎನ್ ಅಳತೆಯ ಲೇಔಟ್ ಸಾಕು. ಎತ್ತರ 90 ಸೆಂಟಿಮೀಟರ್ ಸುತ್ತಮುತ್ತ ಇದ್ದರೆ ಮಕ್ಕಳ ಕಣ್ಣಿನ ಮಟ್ಟಕ್ಕೆ ರೈಲು ಬರುತ್ತದೆ. ಅಂಚಿಗೆ ಪಾರದರ್ಶಕ ಅಕ್ರಿಲಿಕ್ ಹಾಳೆ ನಿಲ್ಲಿಸಿ, ಬೆರಳೂ ಧೂಳೂ ಎರಡೂ ದೂರ ಉಳಿಯುತ್ತವೆ.

ಲೇಔಟಿನ ದೃಶ್ಯ ಸ್ವಿಟ್ಜರ್ಲೆಂಡಿನದ್ದಾಗುವುದು ಬೇಡ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ನಡುವಿನ ಘಾಟಿ ದಾರಿಯಲ್ಲಿ 57 ಸುರಂಗಗಳಿವೆ, ಏರು 50ಕ್ಕೆ 1. ಮಾದರಿಯಲ್ಲೂ 50ಕ್ಕೆ 1ರ ಏರನ್ನು ಚಿಕ್ಕ ರೈಲು ಹತ್ತಬಲ್ಲದು. 6 ಸೆಂಟಿಮೀಟರ್ ಮೇಲೇರಲು ಮೂರು ಮೀಟರ್ ಹಳಿ ಬೇಕು, ಸುತ್ತಿ ಬಳಸಿ ತಂದರೆ ಆ ಅಳತೆಯ ಹಲಗೆಯಲ್ಲೇ ಕೂಡಿಸಬಹುದು. ಎರಡು ಸುರಂಗ, ಒಂದು ಸೇತುವೆ, ತೊಟ್ಟಿಕ್ಕುವ ಹಸಿರು ಬಂಡೆ. ಆ ದಾರಿಯಲ್ಲಿ ಮಂಗಳೂರಿಗೆ ಹೋಗಿ ಬಂದ ಪ್ರತಿಯೊಬ್ಬರೂ ಅದರ ಮುಂದೆ ನಿಂತು ತಮ್ಮ ಪ್ರಯಾಣದ ಮಾತು ತೆಗೆಯುತ್ತಾರೆ. ಸುರಂಗದಿಂದ ಹೊರಬರುವ ರೈಲನ್ನು ಕಾಯುವ ಆ ಕ್ಷಣದಲ್ಲಿ ಹುಟ್ಟುವ ಆಸೆಯನ್ನು ಯಾವ ಜಾಹೀರಾತೂ ಹುಟ್ಟಿಸಲಾರದು.

ಆ ಹಸಿರಿನಲ್ಲಿ ವ್ಯಾಪಾರವೂ ಇದೆ. ಅಡಿಕೆ ತೋಟ, ತೆಂಗಿನ ಮರ, ಕೆಂಪು ಜಂಬಿಟ್ಟಿಗೆ ಕಲ್ಲಿನ ಮನೆ, ಮಂಗಳೂರು ಹೆಂಚಿನ ಮಾಡು, ಕನ್ನಡದ ನಿಲ್ದಾಣ ಫಲಕ: ಇವು ವಿದೇಶಿ ಕಂಪನಿಗಳ ಪಟ್ಟಿಯಲ್ಲಿ ಸಿಗುವುದು ಅಪರೂಪ. ರೆಸಿನ್ ತ್ರೀಡಿ ಮುದ್ರಣ ಯಂತ್ರ ಒಂದಿದ್ದರೆ ಇವನ್ನೆಲ್ಲ ನೀವೇ ತಯಾರಿಸಬಹುದು. ಇವುಗಳಿಗೆ ಶೇ 70ರ ಸುಂಕವಿಲ್ಲ, ಉಳಿಕೆಯೂ ಹೆಚ್ಚು. ಇನ್ನೊಬ್ಬರ ವಿನ್ಯಾಸವನ್ನು ಇಳಿಸಿಕೊಂಡು ಮಾರುವುದಾದರೆ ವಾಣಿಜ್ಯ ಬಳಕೆಯ ಅನುಮತಿ ಇದೆಯೇ ಎಂದು ನೋಡಿ.

ಎಂಜಿನ್‌ಗಳಲ್ಲೂ ಇದೇ ದಾರಿ ಇದೆ. ನಮ್ಮ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸದಿಂದ ಬಂದದ್ದು. ಹುಬ್ಬಳ್ಳಿ ಶೆಡ್‌ನಲ್ಲಿ ಬಹುಕಾಲದಿಂದ ನೆಲೆಯಿರುವ ಡಬ್ಲ್ಯುಡಿಜಿ-4 ಅಮೆರಿಕದ್ದೇ ಆದ ಇಎಂಡಿ ಕಂಪನಿಯ ವಿನ್ಯಾಸದ್ದು. ಆದ್ದರಿಂದ ಅಮೆರಿಕದ ಎಚ್‌ಒ ಎಂಜಿನ್‌ನ ಚಾಸಿ, ಗಾಲಿಗಳ ಮೇಲೆ ಭಾರತೀಯ ಹೊರಕವಚ ಕೂರಿಸುವ ಹವ್ಯಾಸಿಗಳು ಇದ್ದಾರೆ. ಕವಚ, ಬಣ್ಣ, ಅಂಟಿಸುವ ಅಕ್ಷರದ ಡೆಕಾಲ್‌ಗಳನ್ನು ಒಂದೇ ಕಿಟ್ ಆಗಿ ಕೊಟ್ಟರೆ ಅದು ನಿಮ್ಮ ಅಂಗಡಿಯದ್ದೇ ಸರಕು.

6. ರಿಪೇರಿ ಮೇಜು

ಮಲ್ಟಿಮೀಟರ್, ಉಷ್ಣತೆ ನಿಯಂತ್ರಿಸಬಹುದಾದ ಬೆಸುಗೆ ಕಡ್ಡಿ, ಭೂತಗನ್ನಡಿ, ಸಣ್ಣ ಸ್ಕ್ರೂಡ್ರೈವರ್‌ಗಳು, ಎರಡೂ ಅಳತೆಯ ಪರೀಕ್ಷಾ ಹಳಿ, ಡಿಕೋಡರ್‌ಗೆ ಸೂಚನೆ ತುಂಬಲು ಡಿಸಿಸಿ (ಡಿಜಿಟಲ್ ನಿಯಂತ್ರಣ) ಪ್ರೋಗ್ರಾಮಿಂಗ್ ಹಳಿ. ತಂತಿ, ಎಲ್‌ಇಡಿ, ರೆಸಿಸ್ಟರ್‌ಗಳು ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತವೆ.

ಬರುವ ದೂರುಗಳಲ್ಲಿ ಹೆಚ್ಚಿನವು ಧೂಳಿನವು. ಎರಡೂ ಹಳಿಗಳಿಂದ ಗಾಲಿಯ ಮೂಲಕ ವಿದ್ಯುತ್ ಹರಿಯಬೇಕಾದ್ದರಿಂದ ಬೆಂಗಳೂರಿನ ಧೂಳಿನ ತೆಳುಪದರ ಸಾಕು, ಎಂಜಿನ್ ಮುಗ್ಗರಿಸುತ್ತದೆ. ಕರಾವಳಿಯ ಗಿರಾಕಿಗಳಿಗೆ ತೇವದಿಂದ ಹಳಿ ಕಪ್ಪಾಗುವ ಕಾಟ ಬೇರೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಬಟ್ಟೆಯಿಂದ ಹಳಿ ಮತ್ತು ಗಾಲಿ ಒರೆಸುವುದನ್ನು ಪ್ರತಿ ಹೊಸ ಗಿರಾಕಿಗೂ ಅಂಗಡಿಯಲ್ಲೇ ಮಾಡಿ ತೋರಿಸಿ. ಹತ್ತು ನಿಮಿಷದ ಈ ಪಾಠ ಕಲಿತವರು ಹವ್ಯಾಸ ಬಿಡುವುದು ಕಡಿಮೆ.

ವೋಲ್ಟೇಜಿನ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ರೈಲಿನ ವೇಗ ನಿಯಂತ್ರಿಸುವ ಕಂಟ್ರೋಲರ್‌ಗಳಲ್ಲಿ ಜಪಾನಿನ ದೇಶೀಯ ಮಾರುಕಟ್ಟೆಯವು 100 ವೋಲ್ಟ್‌ನವು, ಅಮೆರಿಕದವು 120 ವೋಲ್ಟ್‌ನವು. ನಮ್ಮ 230 ವೋಲ್ಟ್ ಪ್ಲಗ್ಗಿಗೆ ನೇರ ಸಿಕ್ಕಿಸಿದರೆ ಸುಟ್ಟುಹೋಗುತ್ತವೆ, ಬೆಂಕಿಯ ಅಪಾಯವೂ ಇದೆ. ಸರಿಯಾದ ಅಡಾಪ್ಟರ್ ಜೊತೆಗಿಲ್ಲದೆ ಒಂದನ್ನೂ ಮಾರಬೇಡಿ.

ವಿದೇಶಿ ತಯಾರಕರ ಖಾತರಿ ಇಲ್ಲಿಗೆ ಅನ್ವಯಿಸದಿರುವುದೇ ಹೆಚ್ಚು. ನಿಮ್ಮದೇ ಖಾತರಿ ಕೊಡಿ, ಆರು ತಿಂಗಳಾದರೂ ಸರಿ, ಬರವಣಿಗೆಯಲ್ಲಿ. ಅದಕ್ಕೆ ಬೇಕಾದ ಕೊಂಡಿ, ಗಾಲಿಯ ರಬ್ಬರ್ ಪಟ್ಟಿ, ಮೋಟರ್ ಬ್ರಷ್‌ಗಳನ್ನು ಎಂಜಿನ್ ತರಿಸುವಾಗಲೇ ತರಿಸಿ.

7. ಮೊಬೈಲಿನಲ್ಲಿ ಬೆಲೆ ತೋರಿಸುವ ಗಿರಾಕಿ

ಅದೇ ಎಂಜಿನ್ ಜಪಾನಿನಲ್ಲಿ ಅರ್ಧ ಬೆಲೆಗೆ ಇದೆಯಲ್ಲ ಎಂದು ಮೊಬೈಲ್ ಮುಂದೆ ಹಿಡಿಯುವವರು ಬಂದೇ ಬರುತ್ತಾರೆ. ಅವರು ಹೇಳುವುದು ನಿಜ. ಮೂರನೇ ಹೆಜ್ಜೆಯ ಸುಂಕದ ಲೆಕ್ಕವನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಗಲ್ಲಾದ ಪಕ್ಕ ತೂಗುಹಾಕಿ. ತಾವೇ ತರಿಸಿದರೂ ಸುಂಕ ತಪ್ಪುವುದಿಲ್ಲ, ಕೆಟ್ಟುಬಂದರೆ ವಾಪಸು ಕಳುಹಿಸುವ ಖರ್ಚೂ ಅವರದ್ದೇ ಎಂಬುದನ್ನು ಸಮಾಧಾನದಿಂದ ತಿಳಿಸಿ. ಅಷ್ಟಾದ ಮೇಲೂ ಹೊರಗಿನಿಂದಲೇ ತರಿಸಿಕೊಂಡವರ ಎಂಜಿನ್‌ಗೆ ಡಿಕೋಡರ್ ಹಾಕಿಕೊಡಿ, ಅದೇ ನಗುಮುಖದಿಂದ. ಹಳಿಗೆ ಅವರು ನಿಮ್ಮಲ್ಲಿಗೇ ಬರುತ್ತಾರೆ.

8. ಹಳೆಯ ಪೆಟ್ಟಿಗೆಗಳು

ಜರ್ಮನಿ, ಅಮೆರಿಕದಲ್ಲಿ ದುಡಿದು ಮರಳಿದ ಕನ್ನಡಿಗರ ಮನೆಯ ಅಟ್ಟದಲ್ಲಿ ಸೆಟ್‌ಗಳು ಮಲಗಿರುತ್ತವೆ. ಅವನ್ನು ಕೊಂಡು, ಸರಿಪಡಿಸಿ ಮಾರುವುದರಲ್ಲಿ ಆಮದು ಸುಂಕದ ತೊಂದರೆಯಿಲ್ಲ. ಬಳಸಿದ ಸರಕು ಕೊಳ್ಳುವಾಗ ತೆರಿಗೆ ವಜಾ ಪಡೆದಿರದಿದ್ದರೆ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲಷ್ಟೇ ತೆರಿಗೆ ಕಟ್ಟಲು ಜಿಎಸ್‌ಟಿ ನಿಯಮ 32(5)ರಲ್ಲಿ ಅವಕಾಶವಿದೆ. ಕೊಳ್ಳುವ ಮೊದಲು ಕವಚ ಬಿಚ್ಚಿ ಲೋಹದ ಚಾಸಿ ನೋಡಿ. ಹಳೆಯ ಸತು ಮಿಶ್ರಲೋಹ ಉಬ್ಬಿ ಬಿರುಕು ಬಿಟ್ಟಿದ್ದರೆ ಅದನ್ನು ಯಾರೂ ಸರಿಮಾಡಲಾರರು.

9. ಮುಂಗಡ ಬುಕಿಂಗ್ ಮತ್ತು ವರ್ಷದ ದಾಸ್ತಾನು

ಮಾದರಿ ರೈಲು ಕಂಪನಿಗಳು ಒಂದೊಂದು ಮಾದರಿಯ ಎಂಜಿನ್ನನ್ನೂ ಕಂತು ಕಂತಾಗಿ ತಯಾರಿಸುತ್ತವೆ. ಘೋಷಣೆಯಾಗಿ ಒಂದು ವರ್ಷ ಕಳೆದ ಮೇಲೆ ಸರಕು ಬರುವುದು ಸಾಮಾನ್ಯ, ಒಮ್ಮೆ ಮುಗಿದದ್ದು ಮತ್ತೆ ವರ್ಷಗಟ್ಟಲೆ ಬಾರದಿರುವುದೂ ಉಂಟು. ಆದ್ದರಿಂದ ಎಂಜಿನ್‌ಗಳನ್ನು ಗಿರಾಕಿಯ ಮುಂಗಡ ಪಡೆದೇ ತರಿಸಿ. ಆ ಮುಂಗಡವನ್ನು ಬೇರೆ ಬ್ಯಾಂಕ್ ಖಾತೆಯಲ್ಲಿಡಿ, ಬಾಡಿಗೆಗೆ ಮುಟ್ಟಬೇಡಿ. ಕಂಪನಿ ತಡಮಾಡಿದರೆ ಮರುಪಾವತಿ ಕೇಳುವ ಹಕ್ಕು ಗಿರಾಕಿಗಿದೆ, ಅವತ್ತೇ ಕೊಡುವಂತಿರಬೇಕು. ವಿನಿಮಯ ದರ ಏರಿದರೆ ಬೆಲೆ ಎಷ್ಟರವರೆಗೆ ಬದಲಾಗಬಹುದು ಎಂಬುದನ್ನು ರಸೀದಿಯಲ್ಲೇ ಬರೆಯಿರಿ.

ಮಾರ್ಚ್ ತಿಂಗಳಲ್ಲಿ ದಾಸ್ತಾನು ಎಣಿಸುವಾಗ ಹನ್ನೆರಡು ತಿಂಗಳಿಂದ ಕದಲದ ಪ್ರತಿಯೊಂದು ಪೆಟ್ಟಿಗೆಯನ್ನೂ ಪಕ್ಕಕ್ಕಿಡಿ. ತೀರಾ ಇಷ್ಟಪಟ್ಟು ನೀವೇ ಆರಿಸಿ ತಂದವು ಅದರಲ್ಲಿ ಹೆಚ್ಚಿರುತ್ತವೆ. ಅವನ್ನು ಅಸಲಿಗೇ ಮಾರಿ, ಬಂದ ಹಣದಲ್ಲಿ ಹಳಿ ಮತ್ತು ರೈಲಿನ ದಾರಿ ಬದಲಿಸುವ ಪಾಯಿಂಟ್‌ಗಳನ್ನು ತರಿಸಿ.